ತೊಳೆಯದೆ ತನ್ನಿ ಎನ್ನುವ ಚಿಲ್ಲರೆ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಭಾನುವಾರದ ಹಳೇ ಸಾಮಾನಿನ ಬಜಾರಿಗೆ ಒಬ್ಬೊಬ್ಬರೇ ಬಂದು ಗಂಟು ಬಿಚ್ಚುತ್ತಿದ್ದಾರೆ. ಒಂದು ಕಡೆ ನಿಂತುಹೋದ ಗಡಿಯಾರಗಳು, ಇನ್ನೊಂದು ಕಡೆ ಜೋಡಿ ತಪ್ಪಿದ ಬೂಟುಗಳು. ರಜೆಯೆಂದು ಶಟರ್ ಎಳೆದಿರುವ ಬ್ಯಾಂಕಿನ ಮುಂದೆ, ಐವತ್ತು ದಾಟಿದ ಹೆಂಗಸೊಬ್ಬರು ಮಡಚುವ ಮೇಜಿನ ಕಾಲಿಗೆ ರಟ್ಟಿನ ಚೂರು ಒತ್ತು ಕೊಡುತ್ತಿದ್ದಾರೆ. ಮೇಜು ಅಲುಗಾಡಿದರೆ ತಕ್ಕಡಿ ತಪ್ಪು ತೋರಿಸುತ್ತದೆ. ಎರಡು ಸಲ ಅಲುಗಿಸಿ ನೋಡಿ, ಸಮಾಧಾನವಾದ ಮೇಲೆ ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ಅಂಗೈಯಗಲದ ತಕ್ಕಡಿ, ಭೂತಗನ್ನಡಿ, ದಾರ ಕಟ್ಟಿದ ಅಯಸ್ಕಾಂತ ಇಡುತ್ತಾರೆ. ನಾಣ್ಯಗಳು ಹೊರಗೆ ಬರುವುದು ಕೊನೆಗೆ.

ಬಟ್ಟೆಯ ಸುಕ್ಕು ಬಿಡಿಸುವ ಮೊದಲೇ ಗಿರಾಕಿಯೊಬ್ಬರು ಹಾಜರ್. ರಾತ್ರಿ ಪಾಳಿ ಮುಗಿಸಿದ ಕಾವಲುಗಾರ. ಒಂದು ಕೈಯಲ್ಲಿ ನಾಣ್ಯ, ಇನ್ನೊಂದು ಕೈಯಲ್ಲಿ ಮೊಬೈಲು.

"ಅಕ್ಕಾ, ಈ ವಿಡಿಯೋ ನೋಡಿ. ಇದೇ ನಾಣ್ಯಕ್ಕೆ ಹತ್ತು ಲಕ್ಷ ಕೊಡ್ತಾರಂತೆ."

ಅವರು ವಿಡಿಯೋವನ್ನು ಪೂರ್ತಿ ನೋಡುತ್ತಾರೆ. ಆಮೇಲೆ ಮೇಜಿನಡಿಯಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದು ಮುಚ್ಚಳ ಬಿಚ್ಚುತ್ತಾರೆ. ಕಾವಲುಗಾರರ ಕೈಯಲ್ಲಿರುವಂಥದ್ದೇ ನಾಣ್ಯಗಳು, ಡಬ್ಬದ ತುಂಬ.

"ಆ ಕೊಡೋರು ಸಿಕ್ಕಿದ್ರೆ ನನಗೂ ಒಂದು ಮಾತು ಹೇಳಿ. ನಾನೂ ಬರ್ತೀನಿ, ಡಬ್ಬದ ಸಮೇತ."

ಕಾವಲುಗಾರ ಡಬ್ಬ ನೋಡುತ್ತಾರೆ, ಮೊಬೈಲು ನೋಡುತ್ತಾರೆ. "ಹಾಗಾದ್ರೆ ಇದಕ್ಕೇನೂ ಇಲ್ವಾ?"

"ಯಾಕಿಲ್ಲ? ಅದರ ಮೇಲೆ ಎಷ್ಟು ಅಂತ ಬರೆದಿದೆಯೋ ಅಷ್ಟಿದೆ. ಇನ್ನೂ ನಡೆಯೋ ನಾಣ್ಯ. ಹೋಗ್ತಾ ಬನ್ ತಗೊಂಡು ಹೋಗಿ."

ಬಜಾರಿನಲ್ಲಿ ಎಲ್ಲರಿಗೂ ಇವರು 'ಚಿಲ್ಲರೆ ಅಕ್ಕ'. ಮೊದಲು ಆ ಹೆಸರಿಟ್ಟವರು ಬಸ್ ಕಂಡಕ್ಟರುಗಳು. ಮೇಜಿನ ಮೇಲೆ ನಾಣ್ಯ ಕಂಡು ನೋಟು ಹಿಡಿದುಕೊಂಡು ಬಂದು ಚಿಲ್ಲರೆ ಕೇಳುತ್ತಿದ್ದರಂತೆ. "ಚಿಲ್ಲರೆ ಅಕ್ಕ ಅಂದ್ರೆ ನನಗೇನೂ ಬೇಜಾರಿಲ್ಲ. ಚಿಲ್ಲರೆ ಬುದ್ಧಿಯ ಅಕ್ಕ ಅನ್ನದಿದ್ರೆ ಸಾಕು" ಎಂದು ನಗುತ್ತಾರೆ.

ಹಾಗೆ ನೋಡಿದರೆ ಈ ಹುಚ್ಚು ಇವರದ್ದಲ್ಲ, ಯಜಮಾನರದ್ದು. ಅವರು ನೀರಿನ ಇಲಾಖೆಯಲ್ಲಿ ಮೀಟರು ಓದುವ ಕೆಲಸದಲ್ಲಿದ್ದವರು. ಮನೆಮನೆಗೆ ಹೋದಾಗ ಯಾರಾದರೂ ಹಳೇ ನಾಣ್ಯ ತೋರಿಸಿದರೆ ಸಾಕು, ಜೇಬಿಗೆ ಕೈ ಹಾಕುತ್ತಿದ್ದರು. "ನಮ್ಮನೆಯವರಿಗೆ ಕೊಳ್ಳೋದು ಗೊತ್ತು, ಮಾರೋದು ಗೊತ್ತಿಲ್ಲ. ಯಾರಾದ್ರೂ ಕೇಳಿದ್ರೆ ಇನ್ನೊಂದು ಸಲ ನೋಡ್ತೀನಿ ಅಂತ ತಿರುಗಿ ಡಬ್ಬಕ್ಕೆ ಹಾಕ್ತಿದ್ರು." ಅಡುಗೆಮನೆಯ ಅಟ್ಟದ ಮೇಲೆ ಡಬ್ಬ, ಮಂಚದ ಕೆಳಗೆ ಡಬ್ಬ. ಬೇಳೆ ಎಂದುಕೊಂಡು ತೆಗೆದರೆ ತಾಮ್ರದ ಕಾಸು. ಒಂದು ಭಾನುವಾರ ತಲೆಕೆಟ್ಟು, ಮೂರು ಡಬ್ಬಗಳನ್ನು ಚೀಲಕ್ಕೆ ತುಂಬಿಕೊಂಡು ಬಂದು ಈ ಪಾದಚಾರಿ ದಾರಿಯ ಮೇಲೆ ಬಟ್ಟೆ ಹಾಸಿ ಕೂತೇಬಿಟ್ಟರು.

ಅವತ್ತು ಕೋಟು ತೊಟ್ಟ ವ್ಯಾಪಾರಿಯೊಬ್ಬರು ಬಂದು, ಡಬ್ಬದೊಳಗೆ ಕೈಯಾಡಿಸಿ, ಆಕಳಿಸುತ್ತಾ "ಕಸ, ಹೋಗಲಿ, ಒಟ್ಟಿಗೆ ಕೊಡಿ" ಎಂದರು. ಇವರು ಖುಷಿಯಿಂದ ಕೊಟ್ಟರು. ಮುಂದಿನ ವಾರ ಅದೇ ಡಬ್ಬದ ಒಂದೇ ಒಂದು ನಾಣ್ಯ ಆ ವ್ಯಾಪಾರಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿತ್ತು. ಚಿಲ್ಲರೆ ಅಕ್ಕ ಬೆಲೆಯ ಚೀಟಿಯನ್ನು ಎರಡೆರಡು ಸಲ ಓದಿದರು. ಮನೆಗೆ ಬಂದು ಯಜಮಾನರ ಮುಂದೆ ಅತ್ತರು. ಬೈಗುಳ ನಿರೀಕ್ಷಿಸಿದ್ದರು. ಯಜಮಾನರು ಕೇಳಿದ್ದು ಒಂದೇ ಮಾತು: "ನಾಣ್ಯ ಯಾವುದು ಅಂತ ನೋಡಿದ್ಯಾ? ನಾನು ಹೇಳಿರಲಿಲ್ವಾ, ಚೆನ್ನಾಗಿದೆ ಅಂತ?" ಆ ರಾತ್ರಿಯಿಂದಲೇ ಪಾಠ ಶುರು. ಹೆಂಡತಿಗೆ ಗಂಡ ಗುರು. ಗುರುವಿಗೆ ಕೊಳ್ಳುವ ಹಕ್ಕು ಅವತ್ತಿಗೇ ರದ್ದು.

ಹದಿನೇಳು ವರ್ಷಗಳಲ್ಲಿ ಅವರು ಕಂಡ ತಾಪತ್ರಯಗಳಿಗೆ ಲೆಕ್ಕವಿಲ್ಲ. ಮಾರಲು ಬರುವವರು ಬೆಲೆಪಟ್ಟಿಯ ಪುಸ್ತಕದಲ್ಲಿ ಅತಿ ಮೇಲಿನ ಸಾಲಿಗೆ ಬೆರಳಿಡುತ್ತಾರೆ. ಕೊಳ್ಳಲು ಬರುವವರು ಅದೇ ಪುಸ್ತಕದ ಅತಿ ಕೆಳಗಿನ ಸಾಲಿಗೆ. "ಪುಸ್ತಕದ ರೇಟು ಮದುವೆ ಫೋಟೋ ಇದ್ದ ಹಾಗೆ. ಆವತ್ತಿನ ಮುಖ ದಿನಾ ಇರುತ್ತಾ?" ಎನ್ನುತ್ತಾರೆ ಅಕ್ಕ. ಒಬ್ಬರಿಗೆ ಇವರು ಕಮ್ಮಿ ಕೊಡುವ ಜಿಪುಣಿ, ಇನ್ನೊಬ್ಬರಿಗೆ ಹೆಚ್ಚು ಕೀಳುವ ಸುಲಿಗೆಕೋರಳು. ಎರಡೂ ಬೈಗುಳ ಒಂದೇ ನಾಣ್ಯಕ್ಕೆ ಬಿದ್ದದ್ದುಂಟು.

ನಕಲಿಗಳ ಕಥೆಯೇ ಬೇರೆ. ಪಾಯ ತೋಡುವಾಗ ಸಿಕ್ಕಿತೆಂದು ಒಬ್ಬ ಮಣ್ಣು ಮೆತ್ತಿದ ಏಳು ನಾಣ್ಯ ತಂದಿದ್ದ. ಅಂಗೈ ಒಡೆದಿತ್ತು, ಉಗುರಲ್ಲಿ ಮಣ್ಣಿತ್ತು, ನೋಡಿದರೆ ಪಾಪ ಎನಿಸುತ್ತಿತ್ತು. ಅಕ್ಕ ಕೊಂಡರು. ಸಂಜೆ ಒಂದನ್ನು ನೀರಿನ ಲೋಟಕ್ಕೆ ಹಾಕಿದಾಗ ಲೋಟದಿಂದ ಕಾಫಿಯ ಪರಿಮಳ ಬಂತು. ಮೆತ್ತಿದ್ದು ಕಾಫಿಪುಡಿ. "ಹಾಲು ಹಾಕಿದ್ರೆ ಕುಡೀಬಹುದಿತ್ತು" ಎಂದು ಯಜಮಾನರು ಸಮಾಧಾನ ಹೇಳಿದರಂತೆ. ಆ ಏಳೂ ಈಗ ಮೇಜಿನ ಒಂದು ಮೂಲೆಯಲ್ಲಿ 'ನಕಲಿ' ಎಂಬ ಚೀಟಿ ಹೊತ್ತು ಕೂತಿವೆ. ಹೊಸದಾಗಿ ಸಂಗ್ರಹಕ್ಕೆ ಇಳಿದವರು ಮೊದಲು ಕೈಯಲ್ಲಿ ಹಿಡಿದು ನೋಡಬೇಕಾದವು ಇವೇ ಎನ್ನುವುದು ಅಕ್ಕನ ಅಭಿಪ್ರಾಯ.

ಸೊಸೆ ಬಂದ ಮೇಲೆ ಆನ್‌ಲೈನ್ ವ್ಯಾಪಾರವೂ ಸೇರಿದೆ. ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯುವವಳು ಅವಳು, ಪ್ಯಾಕ್ ಮಾಡುವವಳು ಅವಳು. ಹೋದ ವರ್ಷ ಒಬ್ಬ ಬೆಳ್ಳಿ ನಾಣ್ಯ ತರಿಸಿಕೊಂಡು, ಇಷ್ಟವಾಗಲಿಲ್ಲವೆಂದು ವಾಪಸು ಕಳಿಸಿದ. ಬಂದದ್ದು ಅದೇ ವರ್ಷದ, ಆದರೆ ಸವೆದು ಸಪಾಟಾದ ಬೇರೊಂದು ನಾಣ್ಯ. ಸೊಸೆ ಫೋಟೋ ಸಮೇತ ದೂರು ಕೊಟ್ಟಳು. ಕಂಪನಿಯವರು ಗಿರಾಕಿಯ ಮಾತನ್ನೇ ನಂಬಿದರು. "ಈಗ ಅವಳು ನಾಣ್ಯದ ಅಂಚು, ಗೀರು, ಮಚ್ಚೆ ಎಲ್ಲದರ ಫೋಟೋ ತೆಗೀತಾಳೆ. ಹೆಣ್ಣು ನೋಡೋಕೆ ಹೋದವರೂ ಅಷ್ಟು ನೋಡಲ್ಲ" ಎಂದು ಅತ್ತೆ ನಗುತ್ತಾರೆ.

ಆದರೆ ಯಾವುದು ಎಲ್ಲಕ್ಕಿಂತ ಕಷ್ಟ ಎಂದು ಕೇಳಿದರೆ, ಅವರು ಮೋಸದ ಮಾತು ಎತ್ತುವುದಿಲ್ಲ. ಎರಡು ವರ್ಷದ ಹಿಂದೆ ಬಂದ ಅಣ್ಣ ತಂಗಿಯ ವಿಷಯ ಹೇಳುತ್ತಾರೆ.

ಇಬ್ಬರೂ ನಡುವಯಸ್ಸಿನವರು. ಅಣ್ಣ ಮರಗೆಲಸದವರು, ತಂಗಿ ದರ್ಜಿ. ತೀರಿಹೋದ ಅವರಪ್ಪ ನಾಣ್ಯ ಕೂಡಿಡುತ್ತಿದ್ದವರು. ಯಾವುದನ್ನೇ ಕೊಂಡರೂ ಅಂಥದ್ದೇ ಎರಡು ಕೊಳ್ಳುತ್ತಿದ್ದರಂತೆ, ಮಗನಿಗೊಂದು, ಮಗಳಿಗೊಂದು. ಹಾಗಾಗಿ ಇಬ್ಬರ ಪಾಲೂ ಒಂದೇ. ಅಣ್ಣ ತನ್ನ ಪಾಲನ್ನು ಖಾಲಿ ಬಣ್ಣದ ಡಬ್ಬದಲ್ಲಿ ಹಾಕಿ ಮರಗೆಲಸದ ಶೆಡ್ಡಿನಲ್ಲಿ ಬಿಟ್ಟಿದ್ದರು. ತಂಗಿ ತನ್ನದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟಿದ್ದರು.

ಅಕ್ಕ ಮೊದಲು ಅಣ್ಣನ ಡಬ್ಬ ನೋಡಿದರು. ಮರದ ಪುಡಿ ಊದಿದಾಗ ಕೆಳಗೆ ಕಂದು, ಕಪ್ಪು, ಬೂದು ಬಣ್ಣ. ಯಾವ ಕೈಯೂ ಮುಟ್ಟದ ಹಳೇ ಮೈ. ಒಳ್ಳೆಯ ಬೆಲೆಯನ್ನೇ ಹೇಳಿದರು. ಅಣ್ಣನಿಗೆ ನಂಬಿಕೆಯೇ ಬರಲಿಲ್ಲ. ತಂಗಿಯ ಮುಖ ಅರಳಿತು. "ಕೊಳಕಾಗಿರೋದಕ್ಕೇ ಇಷ್ಟಿದ್ರೆ, ನಂದು ನೋಡಿ ಅಕ್ಕಾ" ಎಂದು ಪೆಟ್ಟಿಗೆ ತೆರೆದರು.

"ಹೊಳಪು ಕಂಡ ಕೂಡಲೇ ನನಗೆ ಗೊತ್ತಾಗಿಹೋಯ್ತು" ಎನ್ನುತ್ತಾರೆ ಅಕ್ಕ. ಒಂದೊಂದೂ ಕನ್ನಡಿಯ ಹಾಗೆ ಮಿಂಚುತ್ತಿತ್ತು. ಭೂತಗನ್ನಡಿ ಹಿಡಿದರೆ ಅಕ್ಷರಗಳ ಅಂಚು ಕರಗಿತ್ತು, ಮುಖದ ಮೂಗು ಮಟ್ಟವಾಗಿತ್ತು, ಮೈತುಂಬ ಕೂದಲೆಳೆಯಷ್ಟು ತೆಳ್ಳಗಿನ ಗೀರುಗಳು. ನಿಂಬೆರಸ, ಟೂತ್‌ಪೇಸ್ಟು, ಹಳೇ ಬಟ್ಟೆ. ಎಷ್ಟೋ ವರ್ಷ ಉಜ್ಜಿದ ಗುರುತು. ಸಂಗ್ರಹಿಸುವವರು ಇಂಥದ್ದನ್ನು ಕೈಯಲ್ಲೂ ಮುಟ್ಟುವುದಿಲ್ಲ. ಬೆಳ್ಳಿಯವು ಬೆಳ್ಳಿಯ ತೂಕಕ್ಕೆ ಹೋಗುತ್ತವೆ, ಉಳಿದವು ಅದಕ್ಕೂ ಇಲ್ಲ.

ಪಕ್ಕದಲ್ಲಿದ್ದ ಯಜಮಾನರಿಗೆ ಪರಿಸ್ಥಿತಿ ಅರ್ಥವಾಯಿತು. ಕಿವಿಯ ಹತ್ತಿರ ಬಗ್ಗಿ, "ಎರಡನ್ನೂ ಸೇರಿಸಿ ಒಂದೇ ರೇಟು ಹೇಳಿಬಿಡು. ಅರ್ಧರ್ಧ ಹಂಚಿಕೊಳ್ಳಲಿ" ಎಂದರು. ಹೇಳಿದ್ದರೆ ಎಲ್ಲರಿಗೂ ನೆಮ್ಮದಿಯಿತ್ತು. ಅಕ್ಕ ಒಪ್ಪಲಿಲ್ಲ. "ಒಡಹುಟ್ಟಿದವರ ನಡುವೆ ಹಂಚೋದಕ್ಕೆ ನಾನ್ಯಾರು? ಇದಕ್ಕಿಷ್ಟು, ಅದಕ್ಕಿಷ್ಟು ಅಂತ ಇದ್ದದ್ದು ಇದ್ದ ಹಾಗೆ ಹೇಳೋದಷ್ಟೇ ನನ್ನ ಕೆಲಸ." ಎರಡಕ್ಕೂ ಬೇರೆ ಬೇರೆ ಬೆಲೆಯನ್ನೇ ಹೇಳಿದರು. ಅಣ್ಣನದರ ಐದರಲ್ಲೊಂದು ಪಾಲೂ ತಂಗಿಯದಕ್ಕೆ ಬರಲಿಲ್ಲ.

ಅಣ್ಣನಿಗೆ ಮೊದಲು ಬಂದದ್ದು ನಗು. ತಂಗಿಗೆ ಅದೇ ಸಾಕಾಯಿತು.

"ಮೂಲೆಗೆ ಎಸೆದವನಿಗೆ ಅಷ್ಟು, ಜೋಪಾನ ಮಾಡಿದವಳಿಗೆ ಇಷ್ಟಾ? ಇದ್ಯಾವ ನ್ಯಾಯ? ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೀರಿ!"

ಅಕ್ಕಪಕ್ಕದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಣ್ಣ ಸಿಟ್ಟಿನಿಂದ ತನ್ನ ಹಣ ತೆಗೆದುಕೊಂಡು ಹೊರಟೇಹೋದರು. ತಂಗಿ ಪೆಟ್ಟಿಗೆ ಎದೆಗವಚಿಕೊಂಡು ಬಜಾರಿನ ಬೇರೆ ನಾಣ್ಯದವರನ್ನೆಲ್ಲ ಕೇಳಲು ಹೋದರು. ಬಿಸಿಲೇರುವ ಹೊತ್ತಿಗೆ ತಿರುಗಿ ಬಂದರು. "ಅವರು ನಿಮಗಿಂತ ಕಮ್ಮಿ ಹೇಳಿದ್ರು" ಎಂದು ಬ್ಯಾಂಕಿನ ಮೆಟ್ಟಿಲ ಮೇಲೆ ಕುಸಿದು ಕೂತರು.

ಅಕ್ಕ ಹೋಗಿ ಪಕ್ಕದಲ್ಲಿ ಕೂತು ನೀರು ಕೊಟ್ಟರು. ಅಷ್ಟು ಉಜ್ಜಿದ್ದು ಯಾಕೆ ಎಂದು ಕೇಳಲೂ ಇಲ್ಲ. ತಂಗಿಯೇ ಹೇಳಿದರು. "ಅಪ್ಪನ ನೆನಪಾದಾಗೆಲ್ಲ ಪೆಟ್ಟಿಗೆ ತೆಗೆದು ಕೂತು ಉಜ್ತಿದ್ದೆ. ಮಷೀನಿನ ಮುಂದೆ ಕೂತು ಬೆನ್ನು ನೋಯುವಾಗ ಅದೊಂದೇ ಸಮಾಧಾನ."

ಅಕ್ಕ ಪೆಟ್ಟಿಗೆಯ ಮುಚ್ಚಳ ಹಾಕಿಕೊಟ್ಟರು. "ನಾಣ್ಯದ ವಿಷಯ ಆಗಿದ್ರೆ ಏನಾದ್ರೂ ಹೇಳ್ತಿದ್ದೆ" ಎನ್ನುತ್ತಾರೆ ಈಗ.

ಅಷ್ಟರಲ್ಲಿ ಅಣ್ಣ ಬಂದರು. ಬಸ್ ಹತ್ತಿ ಎರಡು ಸ್ಟಾಪು ಹೋಗಿ ಇಳಿದು ನಡೆದು ಬಂದಿದ್ದರು. ಜೇಬಿನಿಂದ ಹಣ ತೆಗೆದು ಅರ್ಧವನ್ನು ತಂಗಿಯ ಮಡಿಲಲ್ಲಿಟ್ಟರು.

"ನಿನ್ನ ದಾನ ನನಗೆ ಬೇಡ" ಎಂದರು ತಂಗಿ.

"ದಾನ ಯಾರು ಕೊಡ್ತಿದ್ದಾರೆ? ಸುಮ್ಮನೆ ಅಲ್ಲ. ನಿನ್ನ ಪೆಟ್ಟಿಗೆಯಲ್ಲಿ ಅರ್ಧ ನನಗೆ ಬೇಕು."

"ಇದಕ್ಕೆ ಬೆಲೆ ಇಲ್ಲ ಅಂದ್ರಲ್ಲ, ಕೇಳಿಸಲಿಲ್ವಾ?"

"ಕೇಳಿಸ್ತು. ಎಲ್ಲ ಮಾರಿಬಿಟ್ಟೆ ಕಣೇ. ಬಸ್ಸಲ್ಲಿ ಕೂತ ಮೇಲೆ ಗೊತ್ತಾಯ್ತು, ಅಪ್ಪಂದು ಅಂತ ನನ್ನ ಹತ್ರ ಒಂದೂ ಉಳಿದಿಲ್ಲ."

ತಂಗಿ ಪೆಟ್ಟಿಗೆ ತೆರೆದರು. ಮೆಟ್ಟಿಲ ಮೇಲೆಯೇ ನಿನಗೊಂದು ನನಗೊಂದು ಎಂದು ಹಂಚಿಕೊಂಡರು. ಹಡಗಿನ ಚಿತ್ರವಿದ್ದ ಒಂದಕ್ಕೆ ಇಬ್ಬರೂ ಕೈ ಹಾಕಿ ಜಗಳವಾಯಿತು. ಕೊನೆಗೆ ತಂಗಿಯೇ ಗೆದ್ದರು. ಅಣ್ಣನ ಪಾಲಿಗೆ ಹಾಕಿಕೊಳ್ಳಲು ಅಕ್ಕ ಒಂದು ಖಾಲಿ ಬಟ್ಟೆಯ ಚೀಲ ಕೊಟ್ಟರು. "ಮನೆಗೆ ಹೋಗಿ ಉಜ್ಜಬೇಡಿ" ಎಂದು ಬಾಯಿ ತನಕ ಬಂದಿತ್ತಂತೆ, ನುಂಗಿಕೊಂಡರು. ಇನ್ನು ಉಜ್ಜಿದರೇನು, ಬಿಟ್ಟರೇನು?

ಆ ವ್ಯಾಪಾರದಲ್ಲಿ ಅಕ್ಕನಿಗೆ ಗಿಟ್ಟಿದ್ದು ಅಷ್ಟರಲ್ಲೇ ಇದೆ. ಅಣ್ಣನ ಡಬ್ಬದ ಅರ್ಧದಷ್ಟು ನಾಣ್ಯಗಳಿಗೆ ಇನ್ನೂ ಗಿರಾಕಿ ಬಂದಿಲ್ಲ. ಆದರೆ ಮುಂದಿನ ವಾರವೇ ಅವರು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಮೇಜಿಗೆ ಕಟ್ಟಿದರು: 'ಹಳೇ ನಾಣ್ಯ ಕೊಳ್ಳುತ್ತೇವೆ. ದಯವಿಟ್ಟು ತೊಳೆಯದೆ ತನ್ನಿ.' ಅಂದಿನಿಂದ ವಾರಕ್ಕೆ ಒಬ್ಬರಾದರೂ ಬೋರ್ಡು ಓದಿ, ಪಕ್ಕದ ನಲ್ಲಿಯಲ್ಲಿ ಆಗಷ್ಟೇ ತೊಳೆದ ಒದ್ದೆ ನಾಣ್ಯ ಹಿಡಿದುಕೊಂಡು ಪೆಚ್ಚಾಗಿ ನಿಲ್ಲುತ್ತಾರೆ.

ಮಧ್ಯಾಹ್ನ ಬಜಾರು ಕರಗುತ್ತದೆ. ಯಜಮಾನರು ನಾಣ್ಯಗಳನ್ನು ಒಂದೊಂದೇ ಕಾಗದದ ಲಕೋಟೆಗೆ ಇಳಿಸುತ್ತಿದ್ದಾರೆ. ಇವತ್ತು ಮಾರಲು ನಾಣ್ಯ ತಂದವರು ಮೂವತ್ತಕ್ಕೂ ಹೆಚ್ಚು, ಏನಾದರೂ ಮಾರಿ ಹೋದವರು ನಾಲ್ವರು. ಉಳಿದವರಿಗೆಲ್ಲ ಅಕ್ಕ ಹೇಳಿದ್ದು ಒಂದೇ ಮಾತು, ಬೇರೆ ಬೇರೆ ಬಗೆಯಲ್ಲಿ. ಇಷ್ಟು ವರ್ಷ ದುಡಿದಿದ್ದಕ್ಕೆ ಏನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ, ಬಟ್ಟೆ ಮಡಚುತ್ತಾ ಯೋಚಿಸುತ್ತಾರೆ. ಅಂಗಡಿ ಬೇಡವಂತೆ, ಬಾಡಿಗೆ ಕಟ್ಟುವವರು ಯಾರು? ಗಾಜಿನ ಪೆಟ್ಟಿಗೆಯೂ ಬೇಡ.

"ಒಂದು ಕುರ್ಚಿ ಹಾಕೋಕೆ ಜಾಗ ಕೊಟ್ಟರೆ ಸಾಕು. ಮೇಜಿನ ಆ ಕಡೆಗೆ. ನಗರಪಾಲಿಕೆಯವರು ನೆಲದ ಮೇಲೆ ಎಳೆದಿರೋ ಗೆರೆ ದಾಟಿ ಏನೂ ಇಡಬಾರದು ಅಂತಾರೆ, ಹಾಗಾಗಿ ಬಂದವರು ನಿಂತೇ ಇರ್ತಾರೆ. ಮನೆಯಲ್ಲಿ ಏನೇನೋ ಲೆಕ್ಕ ಹಾಕಿಕೊಂಡು ಬಂದಿರ್ತಾರೆ ಪಾಪ. ಇದಕ್ಕೆ ಏನೂ ಬರಲ್ಲ ಅಂತ ನಿಂತವರಿಗೆ ಹೇಳೋದು ಬಹಳ ಕಷ್ಟ. ಕೂರಿಸಿ ಹೇಳಬೇಕು."