ಹೆಸರು ಮುಚ್ಚಲು ಹೋದ ದಾವಲಬಿ

ಹುಬ್ಬಳ್ಳಿಯ ಕೇಶ್ವಾಪುರದ ಸ್ಟ್ಯಾಂಡಿನಲ್ಲಿ ನಿಂತ ಆಟೋಗಳ ಬೆನ್ನು ನೋಡಿದರೆ ಸಾಕು, ದಾವಲಬಿಯ ಕೈ ಗುರುತು ಸಿಗುತ್ತದೆ. ಒಂದರ ಮೇಲೆ ‘ಅವ್ವನ ಆಶೀರ್ವಾದ’, ಇನ್ನೊಂದರ ಮೇಲೆ ಮಗಳ ಹೆಸರು, ಮತ್ತೊಂದರ ಮೇಲೆ ‘ನೋಡಿ ನಗು, ಉರಕೋಬ್ಯಾಡ’. ಮಾತು ಆಟೋದವರದು, ಅಕ್ಷರ ದಾವಲಬಿಯದು. ಅವಳು ಕತ್ತರಿಸಿದ ಅಕ್ಷರದ ತಲೆಕಟ್ಟು ಕೊನೆಗೆ ತುಸು ಮೇಲಕ್ಕೆ ಚಿಮ್ಮಿರುತ್ತದೆ, ಹುಂಜದ ಬಾಲದ ಹಾಗೆ. ಕಂಪ್ಯೂಟರ್ ಕಟಿಂಗಿನ ಅಂಗಡಿಗಳು ಊರ ತುಂಬ ಬಂದರೂ ಆಟೋದವರು ಆ ಬಾಲ ಬೇಕೆಂದೇ ಅವಳ ರೇಡಿಯಂ ಸ್ಟಿಕ್ಕರಿನ ಅಂಗಡಿಗೆ ಬರುತ್ತಾರೆ.

ದಾವಲಬಿ ಹುಟ್ಟಿದ್ದು ಹೆಬ್ಬಳ್ಳಿಯಲ್ಲಿ. ಮೊಹರಂ ಬಂತೆಂದರೆ ಅವಳಪ್ಪ ಮೆರವಣಿಗೆಯ ಡೋಲಿಗೆ ಬಣ್ಣದ ಕಾಗದ ಕತ್ತರಿಸಲು ಕೂಡುತ್ತಿದ್ದ. ಬಳ್ಳಿ, ನವಿಲು, ಕಮಾನು, ಎಲ್ಲವೂ ಒಂದೇ ಕತ್ತರಿಯಿಂದ. ಪಕ್ಕದಲ್ಲಿ ಕೂತು ಚೂರು ಹೆಕ್ಕುತ್ತಿದ್ದ ಮಗಳು ಯಾವಾಗ ಕತ್ತರಿ ಹಿಡಿದಳೋ ಯಾರೂ ಗಮನಿಸಲಿಲ್ಲ. ಮದುವೆಯಾಗಿ ಹುಬ್ಬಳ್ಳಿಗೆ ಬಂದಳು. ಗಂಡ ಇಸ್ತಿಯಾಕ ನಂಬರ್ ಪ್ಲೇಟು ಬರೆಯುವ ಪೇಂಟರ್. ಸ್ವಲ್ಪ ವರ್ಷಕ್ಕೇ ರೇಡಿಯಂ ಸ್ಟಿಕ್ಕರಿನ ಕಾಲ ಬಂದು ಅವನ ಕುಂಚ ಒಣಗತೊಡಗಿತು. ಬ್ಲೇಡು ಹಿಡಿದರೆ ಹಾಳೆಗಿಂತ ಮೊದಲು ಅವನ ಹೆಬ್ಬೆರಳೇ ಕೊಯ್ದುಹೋಗುತ್ತಿತ್ತು. ಒಂದು ದಿನ ಅವನು ಚಹಾ ಕುಡಿಯಲು ಹೋದಾಗ ಗಿರಾಕಿಯೊಬ್ಬ ಅವಸರ ಮಾಡಿದ. ಬುತ್ತಿ ಕೊಡಲು ಬಂದಿದ್ದ ದಾವಲಬಿ ಡಬ್ಬಿ ಕೆಳಗಿಟ್ಟು, ಗಾಡಿಯ ಹೆಸರು ಕತ್ತರಿಸಿ ಅಂಟಿಸಿಯೇ ಬಿಟ್ಟಳು. ಇಸ್ತಿಯಾಕ ತಿರುಗಿ ಬಂದವನು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಸ್ಟೂಲು ಅವಳತ್ತ ಸರಿಸಿ, "ಇನ್ನ ಮ್ಯಾಲ ಇದರ ಮ್ಯಾಲ ನೀನ ಕುಂದರು. ನಾ ಪ್ಲೇಟಿಗೆ ತೂತು ಹೊಡಿತೇನಿ," ಎಂದ. ಅಂದಿನಿಂದ ಅಂಗಡಿ ನಡೆಯುತ್ತಿರುವುದು ಹಾಗೆಯೇ.

ಇಂಥ ದಾವಲಬಿಯ ಊರಿಗೆ ಹುಡುಗಿಯರ ಕ್ರಿಕೆಟ್ ವಿಶ್ವಕಪ್ಪಿನ ಒಂದು ಪಂದ್ಯ ಬಂತು. ಹುಬ್ಬಳ್ಳಿಗೆ ಹುಬ್ಬಳ್ಳಿಯೇ ಮದುವೆಮನೆಯಾಯಿತು. ವರ್ಷಗಟ್ಟಲೆ ಬಾಯ್ದೆರೆದು ಬಿದ್ದಿದ್ದ ತಗ್ಗುಗಳಿಗೆ ಡಾಂಬರು ಬಿತ್ತು, ಡಿವೈಡರಿಗೆ ಸುಣ್ಣ ಬಣ್ಣ ಬಂತು. ಸ್ಟೇಡಿಯಂ ರಸ್ತೆಯ ಅಂಗಡಿಯವರು ಒಬ್ಬರ ಹಿಂದೊಬ್ಬರು ದಾವಲಬಿಯ ಹತ್ತಿರ ಬಂದರು. ಎಲ್ಲರಿಗೂ ಕಪ್ಪಿನ ಚಿತ್ರ ಬೇಕು. ಅವಳು ಪೇಪರಿನಲ್ಲಿ ಬಂದ ಫೋಟೋ ನೋಡಿ ಕಪ್ಪಿನ ಅಚ್ಚು ಮಾಡಿಕೊಂಡು, ಬಂಗಾರದ ಬಣ್ಣದ ಹಾಳೆಯಲ್ಲಿ ಕತ್ತರಿಸುತ್ತಲೇ ಹೋದಳು. ವಿಶ್ವಕಪ್ ಬೇಕರಿ, ವಿಶ್ವಕಪ್ ಪಾನ್ ಶಾಪ್, ವಿಶ್ವಕಪ್ ಕಟಿಂಗ್ ಸಲೂನು. ಎಲ್ಲಕ್ಕಿಂತ ದೊಡ್ಡದು ಫಕೀರವ್ವನ ಲಿಂಬೆ ಸೋಡಾ ಗಾಡಿಯ ಮೇಲಿನದು. ಗಾಡಿಯ ಅಗಲಕ್ಕೂ ‘ವಿಶ್ವಕಪ್ ಸೋಡಾ’, ಪಕ್ಕದಲ್ಲಿ ಮೊಣಕೈ ಉದ್ದದ ಕಪ್ಪು. ಫಕೀರವ್ವ ಅದನ್ನು ದಿನಾ ಸೆರಗಿನಿಂದ ಒರೆಸುತ್ತಿದ್ದಳು.

ಪಂದ್ಯಕ್ಕೆ ಇನ್ನೊಂದು ವಾರ ಇರುವಾಗ ಅಂಗಡಿಯ ಮುಂದೆ ಸ್ಕೂಟಿಯೊಂದು ನಿಂತಿತು. ಇಳಿದವಳು ರಜನಿ. ಧಾರವಾಡದ ಸಪ್ತಾಪುರದ ಹುಡುಗಿ, ಕಾನೂನು ಓದಿದವಳು. ಪಂದ್ಯ ನಡೆಸುವವರ ಹೆಸರು, ಗುರುತುಗಳನ್ನು ಕಾಯುವ ಕಂಪನಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು.

"ಅಕ್ಕಾರ, ಸ್ಟೇಡಿಯಂನಾಗ ಸ್ವಲ್ಪ ಕೆಲಸ ಇತ್ರಿ. ಆದ್ರ ಹೆಸರು ಹಚ್ಚೂದಲ್ಲ, ಮುಚ್ಚೂದು."

"ಏನ್ ಮುಚ್ಚೂದ್ರಿ?"

"ಎಲ್ಲಾ. ಫ್ಯಾನಿನ ಮ್ಯಾಲಿನ ಕಂಪನಿ ಹೆಸರು, ಫ್ರಿಜ್ಜಿಂದು, ಗಡಿಯಾರದ್ದು, ನಳದ್ದು, ಸಂಡಾಸಿನ ಬೇಸಿನ್ನಿಂದು. ರೊಕ್ಕಾ ಕೊಟ್ಟ ಕಂಪನಿಗಳನ್ನ ಬಿಟ್ಟು ಬ್ಯಾರೆ ಯಾರ ಹೆಸರೂ ಒಳಗ ಕಾಣಬಾರದು."

ದಾವಲಬಿಗೆ ನಗು ತಡೆಯಲಾಗಲಿಲ್ಲ. "ಸಂಡಾಸಿನಾಗ ಟೀವಿಯವರು ಎಲ್ಲಿ ಬರತಾರ್ರಿ ಮೇಡಮ್ಮಾರ?"

"ಟೀವಿಯವರು ಬರೂದಿಲ್ಲ ಅಕ್ಕಾರ, ನಿಯಮ ಬರತೈತಿ," ಎಂದಳು ರಜನಿ. ಹೇಳಿ ತಾನೂ ನಕ್ಕಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಸ್ಟೇಡಿಯಂ ಹೊಕ್ಕರು. ಇಸ್ತಿಯಾಕ ಏಣಿ ಹಿಡಿಯುವವ, ದಾವಲಬಿ ಹತ್ತುವವಳು. ಬಿಳಿ ಗೋಡೆಗೆ ಬಿಳಿ ಹಾಳೆ, ಕರಿ ಯಂತ್ರಕ್ಕೆ ಕರಿ ಹಾಳೆ, ಮುಚ್ಚಿದ್ದು ಗೊತ್ತಾಗದ ಹಾಗೆ ಮುಚ್ಚುತ್ತ ಹೋದಳು. ಲೋಕದಲ್ಲಿ ಇಷ್ಟು ವಸ್ತುಗಳ ಮೇಲೆ ಇಷ್ಟು ಹೆಸರುಗಳಿವೆ ಎಂಬುದೇ ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಲಿಫ್ಟಿನ ಬಾಗಿಲು, ಕೈ ಒಣಗಿಸುವ ಯಂತ್ರ, ಬೆಂಕಿ ಆರಿಸುವ ಕೆಂಪು ಸಿಲಿಂಡರು, ಕಸದ ಡಬ್ಬಿ, ಕುರ್ಚಿಯ ಕಾಲು. ಮನೆಗೆ ಹೋಗಿ ಕುಕ್ಕರ್ ಒಲೆಯ ಮೇಲಿಟ್ಟರೆ ಅದರ ಹಿಡಿಕೆಯ ಮೇಲಿನ ಹೆಸರೂ ಕಣ್ಣಿಗೆ ಚುಚ್ಚತೊಡಗಿತು. "ಇದಕ್ಕೂ ಒಂದ್ ತುಂಡು ಹಚ್ಚಲೇನ್ರಿ?" ಎಂದಳು. "ಮೊದಲ ಅನ್ನಾ ಹಾಕು," ಎಂದ ಇಸ್ತಿಯಾಕ.

ಮೈದಾನ ನೋಡಿಕೊಳ್ಳುವ ಗುರುಶಿದ್ದಪ್ಪ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅವನ ತಲೆ ಮೇಲೆ ಗೊಬ್ಬರದ ಕಂಪನಿಯೊಂದು ಪುಕ್ಕಟೆ ಕೊಟ್ಟ ಟೊಪ್ಪಿಗೆ.

"ಕಾಕಾ, ಅದರ ಮ್ಯಾಲ ಹೆಸರೈತಿ."

"ಇರಲಿ ಬಿಡವಾ. ನನ್ನ ಟೊಪಿಗಿ ನೋಡಿ ಯಾರು ಗೊಬ್ಬರ ತಗೋತಾರ?"

"ನಿಯಮ, ಕಾಕಾ."

"ನಾ ಹುಲ್ಲು ಬೆಳೆಸಾಂವ. ಗೊಬ್ಬರದ ಹೆಸರು ನನ್ನ ತಲಿ ಮ್ಯಾಲ ಇರಲಾರದ ಇನ್ನೆಲ್ಲಿ ಇರಬೇಕು?" ಎಂದು ಗೊಣಗಿದ. ಕಡೆಗೆ ಟೊಪ್ಪಿಗೆ ತಿರುವಿ, ಒಳಗಿನ ಹೊಲಿಗೆ ಹೊರಗೆ ಮಾಡಿ ಹಾಕಿಕೊಂಡ. ರೋಲರ್ ಮುಂದೆ ನಿಂತು, "ಬಾ, ಇದಕ್ಕೂ ಹಚ್ಚು," ಎಂದು ತಾನೇ ಕರೆದ.

ಎಲ್ಲ ಸರಳವಾಗಿ ನಡೆದಿತ್ತು. ಒಂದು ಮಧ್ಯಾಹ್ನ ರಜನಿ ಮುಖ ಬಾಡಿಸಿಕೊಂಡು ಬಂದಳು. ಕೈಯಲ್ಲಿ ಮೊಬೈಲು.

"ಅಕ್ಕಾರ, ಹೊರಗಿನ ರಸ್ತಾದಾಗ ದೊಡ್ಡ ತ್ರಾಸಾಗೈತಿ. ಯಾವ ಅಂಗಡಿ ನೋಡಿದ್ರೂ ವಿಶ್ವಕಪ್, ವಿಶ್ವಕಪ್. ಮ್ಯಾಲೆ ಕಪ್ಪಿನ ಚಿತ್ರ ಬ್ಯಾರೆ. ಆ ಚಿತ್ರ, ಆ ಹೆಸರು ಯಾರೂ ತಮ್ಮ ವ್ಯಾಪಾರಕ್ಕ ಹಾಕೊಳ್ಳಂಗಿಲ್ರಿ. ನಾಡದು ನಮ್ಮ ಸಾಹೇಬರು ಬರತಾರ. ಅವರು ನೋಡಿದ್ರಂದ್ರ ಈ ಎಲ್ಲಾ ಬಡವರಿಗೂ ಕೋರ್ಟಿನ ನೋಟೀಸು ಹೋಗತೈತಿ. ಯಾರೋ ಒಬ್ಬರ ಮಾಡಿದಂಗ ಕಾಣತೈತ್ರಿ. ಎಲ್ಲಾ ತಲಿಕಟ್ಟೂ ಹಿಂಗ ಮ್ಯಾಲೆ ಹಾರ್ಯಾವ."

ದಾವಲಬಿ ಮೊಬೈಲಿನ ಫೋಟೋ ನೋಡಿದಳು. ಇಸ್ತಿಯಾಕ ಏಣಿಯನ್ನು ನೋಡತೊಡಗಿದ.

"ಅವು ನನ್ನವ ರೀ ಮೇಡಮ್ಮಾರ," ಎಂದಳು ದಾವಲಬಿ.

"ನಿಮ್ಮವ?"

"ಒಂದೂ ಬಿಡದಂಗ ನನ್ನವ."

ರಜನಿ ಮೆಟ್ಟಿಲ ಮೇಲೆ ಕೂತಳು. ಒಳಗೆ ಹೆಸರು ಮುಚ್ಚಲು ಕರೆತಂದವಳೇ ಹೊರಗೆ ಊರ ತುಂಬ ಹಚ್ಚಿದವಳು. ಇದನ್ನು ಸಾಹೇಬರಿಗೆ ಹೇಗೆ ಹೇಳಬೇಕೋ ಅವಳಿಗೆ ತಿಳಿಯಲಿಲ್ಲ. ದಾವಲಬಿಗೆ ತನ್ನ ಪಾಡಿಗಿಂತ ಆ ಹುಡುಗಿಯ ಮುಖ ನೋಡಿ ಹೆಚ್ಚು ಕೆಡುಕೆನಿಸಿತು.

"ಏಳ್ರಿ ತಂಗಿ. ಹಚ್ಚಿದಾಕಿಗೆ ತಗಿಯಾಕ ಬರೂದಿಲ್ಲೇನು? ನಾಡದು ಅಂದ್ರ ನಾಳೆ ಪೂರಾ ದಿನಾ ಐತಿ."

ಮರುದಿನ ಬಿಸಿನೀರು, ಬಟ್ಟೆ, ಬ್ಲೇಡು ಹಿಡಿದು ಹೊರಟಳು. ಬೇಕರಿಯವ ಮುಖ ಉಬ್ಬಿಸಿದ. ಪಾನ್ ಅಂಗಡಿಯವ, "ಹಚ್ಚುವಾಗ ಏನ್ ಛಂದ ಕಾಣತೈತಿ ಅಂದಿದ್ದಿಯಲ್ಲ," ಎಂದು ಚುಚ್ಚಿದ. ಸಲೂನಿನ ಹಫೀಜ ಮಾತ್ರ, "ತಗೀರಿ ಆಪಾ, ಕಪ್ ನೋಡಿ ಮಂದಿ ಚಹಾದಂಗಡಿ ಅಂತ ಒಳಗ ಬರಾಕತ್ತಾರ," ಎಂದು ನಕ್ಕ. ದಾವಲಬಿ ತನ್ನ ಕೈಯಾರೆ ಹಚ್ಚಿದ್ದನ್ನು ತನ್ನ ಕೈಯಾರೆ ಕೆರೆದಳು.

ಫಕೀರವ್ವ ಗಾಡಿಗೆ ಅಡ್ಡ ನಿಂತಳು.

"ಮುಟ್ಟಬ್ಯಾಡ ನೋಡು."

"ಫಕೀರವ್ವಕ್ಕ, ನೋಟೀಸು ಬರತೈತಿ."

"ಬರಲಿ. ನನ್ನ ಲಿಂಬಿಕಾಯಿ, ನನ್ನ ಗಾಡಿ, ನನ್ನ ಸೋಡಾ. ನನ್ನ ಸೋಡಾದಾಗ ಅವರ ಕಪ್ ಏನಾರ ಬಿದ್ದೈತೇನು? ಅವರಿಗ್ಯಾಕ ಉರಿ?"

"ದೊಡ್ಡ ಕಂಪನಿಯವರು ದುಡ್ಡು ಕೊಟ್ಟಾರಂತ ಆ ಹೆಸರಿಗೆ."

"ಹೆಸರಿಗೆ ದುಡ್ಡು ಕೊಡತಾರೇನ? ನಮ್ಮವ್ವ ನನಗ ಪುಕ್ಕಟೆ ಇಟ್ಟಾಳಲ್ಲ ಹೆಸರು!" ಫಕೀರವ್ವನ ಗಂಟಲು ಏರಿತು. ಆಮೇಲೆ ಏಕೋ ತಗ್ಗಿತು. "ದಾವಲಬಿ, ನನ್ನ ಗಾಡಿಗೆ ಈ ತನಕ ಹೆಸರ ಇದ್ದಿಲ್ಲ. ಮಂದಿ ‘ಏ ಸೋಡಾ’ ಅಂತ ಕರೀತಿದ್ರು. ಈಗಾರ ಒಂದು ಹೆಸರಾತು ಅಂದ್ರ ಅದನ್ನೂ ಕೆರೀತೇನಿ ಅಂತೀಯಲ್ಲ."

ದಾವಲಬಿ ಬ್ಲೇಡು ಕೆಳಗಿಟ್ಟಳು. ಫಕೀರವ್ವ ಕೊಟ್ಟ ಸೋಡಾ ಕುಡಿಯುತ್ತ ಗಾಡಿಯನ್ನೇ ನೋಡುತ್ತ ಕೂತಳು. ‘ವಿಶ್ವಕಪ್’. ಮೊದಲೆರಡು ಅಕ್ಷರ ಯಾವ ಕಂಪನಿಯದೂ ಅಲ್ಲ. ತೊಂದರೆಯೆಲ್ಲ ಹಿಂದಿನದರಲ್ಲಿ. ಅವಳು ಎದ್ದು ‘ಕಪ್’ ಕೆರೆದಳು. ಫಕೀರವ್ವ ಅಯ್ಯೋ ಎಂದಳು. ದಾವಲಬಿ ಅದೇ ಬಂಗಾರದ ಹಾಳೆಯಲ್ಲಿ ಒಂದು ದೀರ್ಘ ಕತ್ತರಿಸಿ ‘ಶ್ವ’ಕ್ಕೆ ಹಚ್ಚಿ ‘ಶ್ವಾ’ ಮಾಡಿದಳು. ಮುಂದೆ ಒಂದು ‘ಸ’. ‘ವಿಶ್ವಾಸ ಸೋಡಾ’ ಆಯಿತು. ಕಪ್ಪಿನ ಎರಡೂ ಬದಿ ಕೊಯ್ದು, ಬುಡ ನೇರ ಮಾಡಿ, ಬಾಯಿಗೊಂದು ಹಸಿರು ಲಿಂಬೆ ಹೋಳು ಅಂಟಿಸಿದಳು. ಕಪ್ಪು ಹೋಗಿ ಸೋಡಾದ ಗ್ಲಾಸಾಯಿತು.

ಓದು ಬಾರದ ಫಕೀರವ್ವ ಕೇಳಿದಳು: "ಏನಂತ ಬರದಿ?"

"ವಿಶ್ವಾಸ."

ಫಕೀರವ್ವ ಆ ಶಬ್ದವನ್ನು ಬಾಯೊಳಗೇ ಒಮ್ಮೆ ತಿರುವಿ ನೋಡಿದಳು. "ಇದಕ್ಕ ಯಾರೂ ದುಡ್ಡು ಕೊಟ್ಟಿಲ್ಲಲ್ಲಾ?"

"ಇಲ್ಲಕ್ಕ."

"ಹಂಗಾರ ಇರಲಿ," ಎಂದು ಸೆರಗಿನಿಂದ ಒರೆಸಿದಳು.

ಸುದ್ದಿ ಹರಿಯಲು ಹೊತ್ತು ಹಿಡಿಯಲಿಲ್ಲ. ಕೆರೆಸಿಕೊಂಡು ಮುನಿಸಿಕೊಂಡಿದ್ದವರೆಲ್ಲ ಮತ್ತೆ ಬಂದರು. ಬೇಕರಿ ‘ವಿಶ್ವನಾಥ’ ಆಯಿತು. ಪಾನ್ ಅಂಗಡಿಯವನು ತನಗೂ ವಿಶ್ವಾಸವೇ ಬೇಕೆಂದು ಹಟ ಹಿಡಿದ. ಫಕೀರವ್ವ ಕೊಡಲಿಲ್ಲ. ಅವನು ‘ವಿಶ್ವಂಭರ’ನಿಗೆ ಒಪ್ಪಿಕೊಂಡ.

ಸಾಹೇಬರೆಂದರೆ ಬಿಂದುಮಾಧವ. ಮರುದಿನ ಬೆಂಗಳೂರಿನಿಂದ ಬಂದವರು ಬಿಸಿಲಲ್ಲಿ ರಸ್ತೆಯುದ್ದಕ್ಕೂ ನಡೆದು ಎರಡೂ ಬದಿಯ ಬೋರ್ಡು ಓದುತ್ತ ಬಂದರು. ಹಿಂದೆ ರಜನಿ ಪ್ರತಿ ಬೋರ್ಡನ್ನೂ ಅವರಿಗಿಂತ ಮೊದಲೇ ಓದುತ್ತಿದ್ದಳು. ಸೋಡಾ ಗಾಡಿಯ ಮುಂದೆ ಸಾಹೇಬರು ನಿಂತರು.

"ಈ ವಿಶ್ವಾಸ ಯಾವ ಕಂಪನಿಯದು?"

"ಕಂಪನಿ ಅಲ್ಲ ಸರ್, ಇವರ ಗಾಡಿ."

ಬಿಂದುಮಾಧವ ಆ ಗ್ಲಾಸಿನ ಚಿತ್ರವನ್ನು ಬಗ್ಗಿ ನೋಡಿದರು. ಅದು ಮೊದಲು ಏನಾಗಿತ್ತು ಎಂದು ಅವರಿಗೆ ತಿಳಿಯಿತೋ ಇಲ್ಲವೋ, ತುಟಿಯ ಮೂಲೆಯಲ್ಲಿ ಏನೋ ಅಲುಗಿತು. "ಒಂದು ಸೋಡಾ ಕೊಡಿ, ಉಪ್ಪು ಜಾಸ್ತಿ," ಎಂದರು. ಕುಡಿದು ಮುಂದೆ ನಡೆದರು. ರಜನಿ ಹಿಂದಿನಿಂದಲೇ ಫಕೀರವ್ವನಿಗೆ ಕೈ ಮುಗಿದಳು.

ಪಂದ್ಯದ ದಿನ ದಾವಲಬಿಗೆ ಕೆಲಸಗಾರರ ಪಾಸು ಸಿಕ್ಕಿತು. ಇಸ್ತಿಯಾಕ ಮೇಲೆ ಗ್ಯಾಲರಿಯಲ್ಲಿ ಜನರ ನಡುವೆ ಕೂತ. ಅವಳಿಗೆ ಆಟದ ಲೆಕ್ಕ ಅಷ್ಟಾಗಿ ತಿಳಿಯದು. ಚೆಂಡು ಹೋದತ್ತ ಜನ ನೋಡಿದರೆ ಅವಳು ತಾನು ಮುಚ್ಚಿದ ಜಾಗಗಳನ್ನು ನೋಡುತ್ತಿದ್ದಳು. ಮಧ್ಯಾಹ್ನದ ಗಾಳಿ ಜೋರಾಯಿತು. ಆಟಗಾರ್ತಿಯರು ಕೂಡುವಲ್ಲಿ ಇಟ್ಟ ದೊಡ್ಡ ಫ್ಯಾನಿನ ಮೇಲಿನ ಹಾಳೆಯ ಒಂದು ಮೂಲೆ ಎದ್ದು ಪಟಪಟ ಬಡಿಯತೊಡಗಿತು. ಕಂಪನಿಯ ಅರ್ಧ ಹೆಸರು ಕಾಣುತ್ತಿತ್ತು, ಕ್ಯಾಮರಾ ಅದೇ ಕಡೆ ತಿರುಗುತ್ತಿತ್ತು. ರಜನಿ ಓಡಿ ಬಂದಳು.

"ಅಕ್ಕಾರ, ಟೇಪು..."

"ನನ್ನ ಚೀಲದಾಗ ಯಾವಾಗ ಇರೂದಿಲ್ಲ ಅದು?"

ಓವರು ಮುಗಿದ ಗಳಿಗೆಯಲ್ಲಿ ದಾವಲಬಿ ಸೀರೆ ಎತ್ತಿ ಕಟ್ಟಿಕೊಂಡು ಬಾಗಿ ಹೋದಳು. ಫ್ಯಾನು ತಿರುಗುತ್ತಲೇ ಇತ್ತು, ಹಾಳೆ ಕೈಗೆ ಸಿಗುತ್ತಿರಲಿಲ್ಲ. ಬಾಟಲಿ ಹಿಡಿದು ಕೂತಿದ್ದ ಪರದೇಶದ ಹುಡುಗಿಯೊಬ್ಬಳು ತಟ್ಟನೆ ಎದ್ದು ಫ್ಯಾನು ಆರಿಸಿ, ಗಟ್ಟಿ ಹಿಡಿದಳು. ದಾವಲಬಿ ಹಾಳೆ ಒತ್ತಿ, ಉಗುರಿನಿಂದ ಸವರಿ, ಗುಳ್ಳೆ ತೆಗೆದಳು. ಆ ಹುಡುಗಿ ಹೆಬ್ಬೆರಳು ಎತ್ತಿ ತೋರಿಸಿ ಏನೋ ಇಂಗ್ಲಿಷಿನಲ್ಲಿ ಅಂದಳು. "ಛಲೋ ಆಡವಾ," ಎಂದು ಅವಳ ಗದ್ದ ಮುಟ್ಟಿ ಬಂದಳು ದಾವಲಬಿ. ಎದುರಿನ ತಂಡದವಳು ಅನ್ನುವುದು ಆಮೇಲೆ ನೆನಪಾಯಿತು. ಅಷ್ಟು ಹೊತ್ತಿಗೆ ಅದು ಟೀವಿಯಲ್ಲಿ ಬಂದು, ಕೇಶ್ವಾಪುರದ ಆಟೋ ಸ್ಟ್ಯಾಂಡಿನಲ್ಲಿ ಸಿಳ್ಳೆ ಬಿದ್ದಾಗಿತ್ತು.

ಪಂದ್ಯ ನಮ್ಮ ಹುಡುಗಿಯರೇ ಗೆದ್ದರು.

ಮರುದಿನ ಮುಚ್ಚಿದ್ದನ್ನೆಲ್ಲ ಬಿಚ್ಚುವ ಕೆಲಸ. ಅದು ಮುಗಿಯುವಾಗ ರಜನಿ ಬಂದು ಅವಳ ಪಕ್ಕ ಕೂತಳು.

"ಅಕ್ಕಾರ, ಮುಂದಿನ ಪಂದ್ಯ ಇಂದೂರಿನಾಗೈತಿ. ಸಾಹೇಬರು ನಿಮ್ಮನ್ನ ಕರಕೊಂಡು ಬಾ ಅಂದಾರ. ಬರತೀರಿ?"

ದಾವಲಬಿ ಹೆಬ್ಬಳ್ಳಿ ಬಿಟ್ಟು ಹುಬ್ಬಳ್ಳಿಗೆ ಬಂದಿದ್ದಳು; ಅದರಾಚೆ ಅವಳು ನೋಡಿದ್ದು ಕಡಿಮೆ. ಗಂಡನ ಕಡೆ ತಿರುಗಿದಳು. ಇಸ್ತಿಯಾಕ ಏಣಿ ಮಡಚುತ್ತ, "ನನ್ನ ಕಡೆ ಯಾಕ ನೋಡತಿ? ಇಲ್ಲಿ ಹೆಬ್ಬೆರಳ ಕೊಯ್ಕೊಳ್ಳಾಕ ನಾ ಇದ್ದೇನಿ. ಹೋಗಿ ಬಾ," ಎಂದ.

ಹೋದಳು. ಇಂದೂರಿಗೂ ಹೋದಳು, ಅದರ ಮುಂದಿನ ಊರಿಗೂ. ಈಗ ದೊಡ್ಡ ಪಂದ್ಯಾವಳಿ ಎಲ್ಲಿದ್ದರೂ ದಾವಲಬಿಗೆ ಕರೆ ಬರುತ್ತದೆ. ಊರೂರಿನ ಸ್ಟೇಡಿಯಮ್ಮಿನ ನಳ, ಫ್ಯಾನು, ಸಂಡಾಸುಗಳ ಪರಿಚಯ ಅವಳಿಗಿದೆ. ಪಂದ್ಯ ಯಾರು ಗೆದ್ದರೆಂದು ತಿಳಿಯಬೇಕಾದರೆ ಮಾತ್ರ ರಜನಿಯನ್ನೇ ಕೇಳಬೇಕು. ಮೊನ್ನೆ ಯಾವುದೋ ಮೈದಾನದಲ್ಲಿ ಏಣಿಯ ಮೇಲಿದ್ದಾಗ ಇಸ್ತಿಯಾಕನ ಫೋನು ಬಂತು. ಹೊಸ ಆಟೋದವನೊಬ್ಬ ಬಂದು ಕೂತಿದ್ದಾನೆ, ನಿನ್ನ ಕೈಯಿಂದಲೇ ಹೆಸರು ಹಚ್ಚಿಸಿಕೊಂಡು ಹೋಗುತ್ತೇನೆ ಎನ್ನುತ್ತಾನೆ, ಏನು ಮಾಡಲಿ ಎಂದು.

"ಚಹಾ ಕುಡಿಸಿ ಕಳಸ್ರಿ," ಎಂದಳು ದಾವಲಬಿ. "ಸೋಮವಾರ ನಾ ಬರತೇನಿ ಅಂತ ಹೇಳ್ರಿ."