ಟೆಂಟಿಗೆ ಹೊರಟ ಉಪ್ಪಿನ ಗಂಟು

ಬಸ್ಸು ಹತ್ತಿದವರು ನಾವು ಮೂವರು: ನಾನು, ನನ್ನ ಹೆಂಡತಿ ಲಲಿತ ಮತ್ತು ನನ್ನ ಸೋದರತ್ತೆ ಗಿರಿಜಮ್ಮ. ಅತ್ತೆ ಶಿವರಾತ್ರಿಗೆಂದು ಬಣಕಲ್ಲಿನ ನಮ್ಮ ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದ್ದರೂ ಕಿಟಕಿ ಪಕ್ಕದ ಸೀಟನ್ನು ಯಾರಿಗೂ ಬಿಟ್ಟವರಲ್ಲ. ತೊಡೆಯ ಮೇಲೊಂದು ಕೈಚೀಲ. "ಮೇಲಿಡ್ಲಾ ಅತ್ತೆ?" ಅಂದರೆ "ಬೇಡ, ಇರ್ಲಿ" ಎಂದು ಅದನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ನಾವು ಹೊರಟಿದ್ದು ಚಿಕ್ಕಮಗಳೂರಿನಾಚೆಯ ಅಭಯಾರಣ್ಯಕ್ಕೆ, ಒಂದು ರಾತ್ರಿ ಟೆಂಟಿನಲ್ಲಿ ಮಲಗಲು. ಕಾಡಿನಲ್ಲಿ ಮಂಚ, ಹಾಸಿಗೆ ಹಾಕಿದ ಟೆಂಟುಗಳು ಆಗಷ್ಟೇ ಬಂದಿದ್ದವು. ಪೇಟೆಯವರು ಹುಲಿ ನೋಡಲು ಬರುತ್ತಿದ್ದರು. ನಮ್ಮ ಕಾರಣವೇ ಬೇರೆ. ಅತ್ತೆಯನ್ನು ಕೊಟ್ಟ ಊರು ಅದೇ ಕಾಡಿನ ನಡುವೆ ಇತ್ತು. ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಅಲ್ಲಿ. ಕಾಡುಪ್ರಾಣಿಗಳಿಗಾಗಿ ಊರು ತೆರವಾಗಿ, ಎಲ್ಲರಿಗೂ ಹೊರಗೆ ಮನೆ, ಜಮೀನು ಸಿಕ್ಕಿ ಕೆಲವು ವರ್ಷಗಳಾಗಿದ್ದವು.

ಹೊಸ ಜಾಗದ ಬಗ್ಗೆ ಅತ್ತೆ ದೂರಿದವರಲ್ಲ. ಕರೆಂಟುಂಟು, ಬಸ್ಸುಂಟು, ಆಸ್ಪತ್ರೆ ಹತ್ತಿರ ಎನ್ನುತ್ತಿದ್ದರು. ಆದರೆ ಅಲ್ಲಿಗೆ ಹೋದ ಮೇಲೆ ಅವರು ಒಮ್ಮೆಯೂ ಮಾವಿನ ಮಿಡಿ ಉಪ್ಪಿನಕಾಯಿ ಹಾಕಲಿಲ್ಲ. ಹಳೆಯ ಊರಿನ ಹೊಳೆದಂಡೆಯಲ್ಲೊಂದು ಮಿಡಿಮಾವಿನ ಮರವಿತ್ತು. ಅದರ ಮಿಡಿ ಅಲ್ಲದಿದ್ದರೆ ಅವರಿಗೆ ಅದು ಮಿಡಿಯೇ ಅಲ್ಲ. ಯಾರಾದರೂ ಸಂತೆಯಿಂದ ತಂದುಕೊಟ್ಟರೆ ಅಕ್ಕಪಕ್ಕದವರಿಗೆ ಹಂಚಿಬಿಡುತ್ತಿದ್ದರು. ಬಂದವರಿಗೆಲ್ಲ ಉಪ್ಪಿನಕಾಯಿ ಕಟ್ಟಿ ಕಳಿಸುತ್ತಿದ್ದ ಮನೆಗೆ ಅಂಗಡಿಯ ಬಾಟಲಿ ಬಂತು. "ಆ ಮರ ಉಂಟೋ ಇಲ್ವೋ, ಒಂದ್ಸಲ ನೋಡ್ಬೇಕಿತ್ತು ಶೀನ" ಎಂದು ಶಿವರಾತ್ರಿಯ ದಿನ ನನ್ನೆದುರು ಹೇಳಿದರು. ಒಳಗೆ ಹೋಗಲು ನಮಗಿದ್ದ ದಾರಿ ಅತಿಥಿಗಳಾಗಿ ಹೋಗುವುದು. ಲಲಿತ ಟೆಂಟು ಗೊತ್ತುಮಾಡಿದಳು. ಬಾಡಿಗೆ ಎಷ್ಟೆಂದು ಗೊತ್ತಾದರೆ ಅತ್ತೆ ಹೊರಡುವುದೇ ಇಲ್ಲವೆಂದು ಇಬ್ಬರೂ ಬಾಯಿ ಬಿಡಲಿಲ್ಲ.

ಹಿಂದಿನ ವಾರ ಹೂಮಳೆ ಬಿದ್ದು ಮೂಡಿಗೆರೆಯಿಂದ ಆಲ್ದೂರಿನವರೆಗೆ ಕಾಫಿ ತೋಟಗಳು ಬೆಳ್ಳಗಾಗಿದ್ದವು. ಬಸ್ಸಿನ ಡೀಸೆಲ್ ವಾಸನೆಯನ್ನೂ ಮೀರಿ ಹೂವಿನ ಘಮ ಒಳಗೆ ಬರುತ್ತಿತ್ತು. ಚಿಕ್ಕಮಗಳೂರಿನಲ್ಲಿ ಮಸಾಲೆದೋಸೆ ತಿಂದು ಬಾಡಿಗೆ ಜೀಪು ಹಿಡಿದೆವು. ಚಿಕ್ಕಂದಿನಲ್ಲಿ ಇದೇ ದಾರಿಯಲ್ಲಿ ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಹಳ್ಳ ದಾಟುವಾಗ ಅವರ ಕೂದಲು ಹಿಡಿದುಕೊಳ್ಳುತ್ತಿದ್ದೆ. ಈಗ ಹಳ್ಳಕ್ಕೆ ಮೋರಿ ಬಂದಿದೆ. ದಾಟಿದ್ದೇ ಗೊತ್ತಾಗಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಮಂಜಪ್ಪ ನಮ್ಮ ಸಾಮಾನು ತೆಗೆಸಿದ. ಅತ್ತೆಯ ಚೀಲದಿಂದ ಒಂದು ಪುಟ್ಟ ಪಿಂಗಾಣಿ ಭರಣಿಯೂ ಬಟ್ಟೆಯಲ್ಲಿ ಕಟ್ಟಿದ ಹರಳುಪ್ಪಿನ ಗಂಟೂ ಹೊರಬಂದವು.

"ಉಪ್ಪು ಎಂತಕ್ಕಮ್ಮ?"

"ಇಂಬಳಕ್ಕೆ. ಕಾಲಿಗೆ ಹತ್ತಿ ರಕ್ತ ಹೀರಿದ್ರೆ ಹಾಕ್ಬೇಕಲ್ಲ."

"ಈ ಬಿಸಿಲಲ್ಲಿ ಇಂಬಳ ಎಲ್ಲಮ್ಮ? ಮಳೆಗಾಲಕ್ಕೆ ಬನ್ನಿ, ಬೇಕಾದಷ್ಟು ಕೊಡ್ತೇನೆ."

ಭರಣಿ ಯಾವುದಕ್ಕೆಂದು ಅವನು ಕೇಳಲಿಲ್ಲ. "ಒಳಗಿಂದ ಒಂದು ಎಲೆ ಕೂಡ ಹೊರಗೆ ತರೋ ಹಾಗಿಲ್ಲ" ಎಂದಷ್ಟೇ ಹೇಳಿ ಗೇಟು ಎತ್ತಿದ. ಲಲಿತ ನನ್ನ ಮುಖ ನೋಡಿದಳು. ಅತ್ತೆ ಬಂದದ್ದು ಮರ ನೋಡಲಷ್ಟೇ ಅಲ್ಲ, ಮಿಡಿಗೂ ಎಂಬುದು ಆಗ ನಮಗೆ ಗೊತ್ತಾಯಿತು.

ಟೆಂಟಿನೊಳಗೆ ಹೊಕ್ಕ ಅತ್ತೆ ಮೊದಲು ಗೋಡೆ ಮುಟ್ಟಿದರು, ಆಮೇಲೆ ಹಾಸಿಗೆ ಒತ್ತಿದರು, ಆಮೇಲೆ ಹಿಂದಿನ ಪರದೆ ಸರಿಸಿ ಕಕ್ಕಸು ಕಂಡು ದಂಗಾದರು.

"ಇಡೀ ಊರಲ್ಲಿ ನಮಗೊಂದು ಕಕ್ಕಸಿರ್ಲಿಲ್ಲ ಲಲಿತ. ನಾವು ಹೋದ್ಮೇಲೆ ಬಟ್ಟೆ ಮನೆಗೂ ಬಂತು ನೋಡು!"

ಸಂಜೆ ಊಟಕ್ಕೆ ಚಪಾತಿ, ಪಲ್ಯ, ಅನ್ನ, ಸಾರು. ಬಡಿಸುವವನು ಬಾಟಲಿಯ ಉಪ್ಪಿನಕಾಯಿ ಹಾಕಲು ಬಂದಾಗ ಅತ್ತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಮಲಗಿದ ಮೇಲೆ ದೂರದಲ್ಲೊಂದು ಕಡವೆ ಕೂಗಿತು. "ನಮ್ಮ ಗದ್ದೆ ಕಡೆಯಿಂದ" ಎಂದು ಅವರು ಕತ್ತಲಲ್ಲೇ ಹೇಳಿದ್ದು ನೆನಪಿದೆ.

ಬೆಳಿಗ್ಗೆ ತೆರೆದ ಜೀಪಿನಲ್ಲಿ ಕಾಡು ಸುತ್ತಲು ಹೊರಟೆವು. ಡ್ರೈವರ್ ಪಕ್ಕದಲ್ಲಿ ಅದೇ ಮಂಜಪ್ಪ. ತೇಗ, ಬಿದಿರು ದಾಟಿ ಬಯಲಿಗೆ ಬಂದಾಗ ನನಗೆ ಗುರುತೇ ಹತ್ತಲಿಲ್ಲ. ಮನೆಗಳಿದ್ದಲ್ಲಿ ಲಂಟಾನ ಬೆಳೆದಿತ್ತು. ಗದ್ದೆಯಲ್ಲಿ ಜಿಂಕೆಗಳ ಹಿಂಡು ಮೇಯುತ್ತಿತ್ತು. ಅತ್ತೆ ಅಳುತ್ತಾರೇನೋ ಎಂದು ನಾನು ಆ ಕಡೆ ನೋಡಲಿಲ್ಲ.

"ಕಳ್ಳಮುಂಡೇವು" ಅಂದರು ಅತ್ತೆ, ಅಕ್ಕರೆಯಿಂದ. "ಆಗ ರಾತ್ರಿ ಕದ್ದು ಬರ್ತಿದ್ವು, ನಿಮ್ಮ ಮಾವ ಡಬ್ಬ ಬಡೀತಾ ಕೂರ್ತಿದ್ರು. ಈಗ ಹಗಲಲ್ಲೇ ಯಜಮಾನ್ರ ಹಾಗೆ ಮೇಯ್ತಾ ಉಂಟಲ್ಲ!"

ದಾರಿ ಹೊಳೆಯ ಕಡೆ ತಿರುಗಿತು. ಮರ ಕಾಣುವ ಮೊದಲೇ ಅದರ ವಾಸನೆ ಬಂತು. ದಾರಿಯ ತುಂಬ ಉದುರಿದ್ದ ಮಿಡಿಗಳು ಜೀಪಿನ ಗಾಲಿಗೆ ಸಿಕ್ಕಿ ಒಡೆಯುತ್ತಿದ್ದವು. ಹಸಿ ಸೊನೆಯ ಆ ಘಾಟು ಮೂಗಿಗೆ ಹತ್ತಿದ್ದೇ ನನಗೆ ಹಳೆಯ ಅಡುಗೆಮನೆ ಕಣ್ಣಿಗೆ ಕಟ್ಟಿತು: ತೊಟ್ಟು ಮುರಿದು ಸೊನೆಯನ್ನು ದೀಪಕ್ಕೆ ಹಿಡಿದು ಚಟಚಟ ಕಿಡಿ ಹಾರಿಸುತ್ತಿದ್ದ ಅತ್ತೆ, ಚಪ್ಪಾಳೆ ತಟ್ಟುತ್ತಿದ್ದ ನಾವು.

"ನಿಲ್ಸಪ್ಪ" ಎಂದರು ಅತ್ತೆ.

ಮರ ಇತ್ತು. ಗೊಂಚಲು ಗೊಂಚಲು ಮಿಡಿ. ಕೊಂಬೆಗಳ ತುಂಬ ಮಂಗಗಳು.

"ಇಳಿಯೋ ಹಾಗಿಲ್ಲಮ್ಮ" ಎಂದ ಮಂಜಪ್ಪ.

"ಇಳಿಯಲ್ಲ ಮಾರಾಯ, ನೋಡ್ತೇನೆ."

ನೋಡುತ್ತಿದ್ದಂತೆ ಮೇಲೊಂದು ಮಂಗ ಇನ್ನೊಂದನ್ನು ಅಟ್ಟಿಸಿಕೊಂಡು ಹೋಯಿತು. ಕೊಂಬೆ ಜಗ್ಗಿ ಒಂದು ಗೊಂಚಲು ಮುರಿದು ನೇರ ಜೀಪಿನೊಳಗೆ, ಅತ್ತೆಯ ಮಡಿಲಿಗೇ ಬಿತ್ತು. ತೊಟ್ಟು ಸಮೇತ ನಾಲ್ಕೈದು ಮಿಡಿ. ಅತ್ತೆಯ ಕೈ ತಾನಾಗಿ ಚೀಲಕ್ಕೆ ಹೋಯಿತು. ಭರಣಿ ಹೊರಗೆ ಬಂತು.

"ಅಮ್ಮಾ..." ಎಂದ ಮಂಜಪ್ಪ. ಗದರಿಸಲಿಲ್ಲ, ಬೇಡಿಕೊಂಡ ಹಾಗಿತ್ತು. "ಗೇಟಲ್ಲಿ ನಾನೇ ಚೀಲ ನೋಡ್ಬೇಕು."

ಅತ್ತೆ ಭರಣಿಯನ್ನು ಮಡಿಲಲ್ಲಿಟ್ಟರು. ಒಮ್ಮೆ ಮಿಡಿ ನೋಡಿದರು, ಒಮ್ಮೆ ಮರ ನೋಡಿದರು. ಕೊನೆಗೆ ಭರಣಿಯನ್ನು ಚೀಲಕ್ಕೆ ಹಾಕಿ ಉಪ್ಪಿನ ಗಂಟು ಬಿಚ್ಚಿದರು. ಮಿಡಿಗಳ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಸೆರಗಿಗೆ ಒರೆಸಿ, ನಮ್ಮ ಕೈಗೊಂದೊಂದು ಇಟ್ಟರು.

"ಹೊರಗೆ ತಗೊಂಡು ಹೋಗ್ಬಾರ್ದು ತಾನೆ? ಒಳಗೇ ಮುಗಿಸುವ. ತಗೋ ಮಂಜಪ್ಪ, ಹೊಟ್ಟೆ ಚೆಕ್ ಮಾಡೋ ಗೇಟು ಇನ್ನೂ ಬಂದಿಲ್ಲ."

ಅವನು ಆಚೀಚೆ ನೋಡಿ, ನಗು ತಡೆಯಲಾರದೆ ಕೈ ಚಾಚಿದ. ಡ್ರೈವರಿಗೂ ಒಂದು ಸಿಕ್ಕಿತು. ಉಪ್ಪು ಹಚ್ಚಿ ಕಚ್ಚಿದಾಗ ಹುಳಿಗೆ ಎಲ್ಲರ ಒಂದು ಕಣ್ಣು ಮುಚ್ಚಿತು. ಮೇಲೆ ಮಂಗಗಳು ತಿನ್ನುತ್ತಿದ್ದವು, ಕೆಳಗೆ ನಾವು.

"ಹಾಗೇ ಉಂಟು" ಎಂದರು ಅತ್ತೆ. "ಮರ ಚೆನ್ನಾಗುಂಟು. ಹೋಗುವ."

ಮಧ್ಯಾಹ್ನ ಗೇಟಿನಲ್ಲಿ ಮಂಜಪ್ಪ ಚೀಲ ಬಿಚ್ಚಿ ನೋಡಿದ. ಭರಣಿ ಖಾಲಿ ಇತ್ತು. "ಇಂಬಳ ಜಾಸ್ತಿ ಇತ್ತಾ ಅಮ್ಮ? ಉಪ್ಪು ಕಮ್ಮಿಯಾಗಿದೆ" ಎಂದ. ಬಸ್ಸಿನಲ್ಲಿ ಅತ್ತೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡೇ ನಿದ್ದೆ ಹೋದರು. ಸೊನೆಯ ಕಲೆ ಒಗೆದರೂ ಹೋಗುವುದಿಲ್ಲ.

ಹತ್ತು ಹದಿನೈದು ದಿನ ಕಳೆದಿರಬೇಕು. ಹೊಸ ಊರಿಗೆ ಮರಳಿದ್ದ ಅತ್ತೆ ಫೋನು ಮಾಡಿ, "ಶೀನ, ಕಳಸದ ಕಡೆ ಹೋದ್ರೆ ಒಂದು ಬುಟ್ಟಿ ಮಿಡಿ ತಾ. ತೊಟ್ಟು ಮುರೀದ ಹಾಗೆ ನೋಡ್ಕೋ" ಎಂದರು. ಮರುದಿನವೇ ಕಳಸಕ್ಕೆ ಹೋಗಿ, ಬುಟ್ಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ತಂದುಕೊಟ್ಟೆ. ಅತ್ತೆ ಒಂದು ಮಿಡಿಯ ತೊಟ್ಟು ಮುರಿದು ಮೂಸಿದರು. ಒಳಗಿನಿಂದ ದೊಡ್ಡ ಭರಣಿಗಳನ್ನು ತರಿಸಿ ಬಿಸಿಲಿಗೆ ಇಟ್ಟರು. ಕಾಡಿಗೆ ಹೋಗಿಬಂದ ಗಂಟಿನಲ್ಲಿ ಉಳಿದಿದ್ದ ಉಪ್ಪನ್ನೇ ಮಿಡಿಗೆ ಮೊದಲು ಹಾಕಿದರು.