ಸುನೀತಾಳ ಅಂಗಿಯ ಮೇಲಿನ ಗುಂಡಿಗಳು

ಗೆಳೆಯರೇ, ಇವತ್ತು ನನ್ನ ಮೇಲೆ ನನಗೇ ಸಿಟ್ಟು ಬಂದಿದೆ.

ವಿಶೇಷ ಶಿಕ್ಷಣದ ಬಿ.ಎಡ್. ತರಬೇತಿಗೆಂದು ನಾನು ದಿನಾ ಬೀದರಿನಿಂದ ಠಾಣಾ ಕುಶನೂರಿನ ಶಾಲೆಗೆ ಹೋಗುತ್ತೇನೆ. ಬುದ್ಧಿ ಬೆಳವಣಿಗೆ ನಿಧಾನವಿರುವ ಹತ್ತು ವರ್ಷದ ಸುನೀತಾಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಸುತ್ತಿದ್ದೇನೆ. ಸೋಮವಾರ ಪರೀಕ್ಷಕರ ಎದುರು ಅವಳಿಗೇ ಪಾಠ ಮಾಡಿ ತೋರಿಸಬೇಕು.

ಮಧ್ಯಾಹ್ನ ಅವಳ ತಾಯಿ ಬಂದರು. "ಟೀಚರಮ್ಮ, ಮಳಿ ಇಲ್ಲ, ಊರಾಗ ಕೆಲಸಾನೂ ಇಲ್ಲ. ನಾಳಿ ಮಗಳಿಗಿ ಕರ್ಕೊಂಡು ಹೈದರಾಬಾದಿಗಿ ಹೊಂಟೀವ್ರಿ."

ನನ್ನ ಬಾಯಿಂದ ಬಂದ ಮೊದಲ ಮಾತು: "ಸೋಮವಾರ ನನ್ನ ಪರೀಕ್ಷಾ ಅದರಿ. ಮಂಗಳವಾರ ಹೋದ್ರ ಆಗಲ್ಲೇನ್ರಿ?"

"ಕೆಲಸಕ್ಕ ಕರ್ಕೊಂಡು ಹೋಗೋ ಮೇಸ್ತ್ರಿ ನಿಲ್ಲಲ್ರಿ," ಎಂದ ಆಕೆ ಮಗಳ ಅಂಗಿ ಮುಟ್ಟಿದರು. "ಕೆಳಗಿನ ಎರಡು ಗುಂಡಿ ಈಗ ಅಕಿನೇ ಹಾಕ್ತಾಳ್ರಿ. ಮ್ಯಾಲಿನವು ಹ್ಯಾಂಗ ಕಲಸ್ಬೇಕು, ತೋರಸ್ರಿ. ಅಲ್ಲಿ ನಾನೇ ಕಲಸ್ತೇನಿ."

ತೋರಿಸಿದೆ. ಕಲಿಸುವ ರೀತಿ ತನಗೆ ಸರಿಯಾಗಿ ಬರುವ ತನಕ ಆಕೆ ಬಿಡಲಿಲ್ಲ.

ಅವರು ಹೋದ ಮೇಲೆ ಸುನೀತಾಳ ಕಡತ ತೆರೆದೆ. ಪಾಲಕರ ಸಭೆಗೆ ಆಕೆ ಬರಲಿಲ್ಲವೆಂದು ಹೋದ ತಿಂಗಳು ನಾನೇ ಬರೆದಿದ್ದೆ: "ತಾಯಿಯ ಸಹಕಾರ: ಇಲ್ಲ."

ಅಕ್ಷರ ದುಂಡಗಿದೆ ಎಂದು ನಮ್ಮ ಬಿ.ಎಡ್. ಕಾಲೇಜಿನ ಮೇಡಂ ಹೊಗಳಿದ ಪುಟ ಅದು.